ಶಟರಿಗೆ ಹಿಡಿಸದ ಕಾರು

ಕುಷ್ಟಗಿಯಲ್ಲಿ ಗಜೇಂದ್ರಗಡ ರಸ್ತೆ ಹಿಡಿದು ಹೋದರೆ, ಗೊಬ್ಬರದಂಗಡಿಗಳು ಮುಗಿದು ಕಟ್ಟಿಗೆ ಅಡ್ಡೆ ಶುರುವಾಗುವುದಕ್ಕೆ ಮುಂಚೆ ಎಡಗಡೆಗೆ ಒಂದು ಗ್ಯಾರೇಜು. ಎರಡು ವರ್ಷದಿಂದ ಅದರ ಶಟರ್ ಇಳಿದೇ ಇದೆ. ಶಟರಿನ ಮೇಲೆ ರೇಸಿನ ಕಾರೊಂದರ ಚಿತ್ರ. ಬಲಗಡೆಯ ಕಂಬದ ಬುಡಕ್ಕೆ ಅದರ ಬಾಲ. ಅಲ್ಲಿಂದ ಎಂಟು ಅಡಿ ಶಟರನ್ನೆಲ್ಲ ನುಂಗಿ, ಜಾಗ ಸಾಲದೆ, ಮೂತಿ ಎಡಗಡೆಯ ಗೋಡೆಯ ಮೇಲೆ ಒಂದೂವರೆ ಗೇಣು ಚಾಚಿಕೊಂಡಿದೆ. ಹೊಸಬರು ನೋಡಿದರೆ ಬರೆದವನಿಗೆ ಅಳತೆಯ ಅಂದಾಜಿರಲಿಲ್ಲ ಅನ್ನಬೇಕು. ಹಾಗಂದವರಿಗೆ ಹಂಪಣ್ಣ ಏನೂ ಹೇಳುವುದಿಲ್ಲ. ಹೇಳಲು ಕೂತರೆ ಮೂವತ್ತು ವರ್ಷದ್ದು ಹೇಳಬೇಕಾಗುತ್ತದೆ.

ಹಂಪಣ್ಣ ಬಸ್ ಡಿಪೋದಲ್ಲಿ ಬಸ್ಸುಗಳ ಮೈ ತಗಡು ಬಡಿದು ನಿವೃತ್ತನಾದವನು. ಗ್ಯಾರೇಜಿನ ಮುನವ್ವರ ಅವನ ಗೆಳೆಯ. ಬೈಕು ರಿಪೇರಿಯ ಜೊತೆಗೆ ನಂಬರ್ ಪ್ಲೇಟು ಬರೆಯುವುದು, ಟ್ರ್ಯಾಕ್ಟರಿನ ಟ್ರೇಲರಿಗೆ ಹೂಬಳ್ಳಿ ಬಿಡಿಸುವುದು ಮುನವ್ವರನ ಕೆಲಸ. ಇಬ್ಬರಿಗೂ ಒಂದೇ ಹುಚ್ಚು ಹಿಡಿದದ್ದು ಮಿರ್ಚಿ ಕಟ್ಟಿಕೊಟ್ಟ ಒಂದು ಕಾಗದದಿಂದ.

ತೊಂಬತ್ಮೂರನೇ ಇಸವಿ ಇರಬೇಕು. ಸಂಜೆ ಬಸ್ ಸ್ಟ್ಯಾಂಡಿನ ಮುಂದಿನ ಗಾಡಿಯಿಂದ ಮಿರ್ಚಿ ತಂದಿದ್ದರು. ತಿಂದಾದ ಮೇಲೆ ಮುನವ್ವರ ಕಾಗದ ಮುದ್ದೆ ಮಾಡಿ ಎಸೆಯಲು ಹೋದವನು ಕೈ ತಡೆದ. ಎಣ್ಣೆ ಕುಡಿದ ಆ ಪತ್ರಿಕೆಯ ತುಂಡಿನಲ್ಲಿ ಕಪ್ಪು ಬಿಳುಪಿನ ಒಂದು ಫೋಟೋ. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದಂಥ ಕಾರು. ನಾಲ್ಕೂ ಗಾಲಿ ಮೈಯಿಂದ ಹೊರಗೆ, ಮೂತಿ ಮುಂಗುಸಿಯ ಹಾಗೆ ಚೂಪು.

“ಇದಕ ತಗಡ ಎಷ್ಟು ಕಡಿಮಿ ಹತ್ತೈತಿ ನೋಡಲೇ,” ಅಂದ ಹಂಪಣ್ಣ. ಅವನ ಕಣ್ಣು ಮೊದಲು ಹೋಗುವುದು ತಗಡಿಗೆ.

ಮಾರನೆಯ ವಾರ ಅದು ಶಟರಿನ ಮೇಲೆ ಬಂತು. ಬಣ್ಣದ ಮಾತು ಬಂದಾಗ ಇಬ್ಬರೂ ಫೋಟೋವನ್ನು ಬಿಸಿಲಿಗೆ ಹಿಡಿದು ತರ್ಕ ಮಾಡಿದರು. ಕಪ್ಪಗೆ ಕಾಣುವುದು ಹಸಿರು, ತಿಳಿಯಾಗಿ ಕಾಣುವುದು ಹಳದಿ ಎಂದು ತೀರ್ಮಾನವಾಯಿತು. ಎರಡು ವರ್ಷ ಕಾರು ಹಸಿರು-ಹಳದಿಯಲ್ಲೇ ಇತ್ತು. ಆಮೇಲೆ ಊರಿಗೆ ಕೇಬಲ್ ಬಂತು. ಭಾನುವಾರ ಸಂಜೆ ಗ್ಯಾರೇಜಿನ ಸಣ್ಣ ಟೀವಿಯ ಮುಂದೆ ಕೂತು ಇಬ್ಬರೂ ತಮ್ಮ ಹಸಿರು ಕಾರು ಹುಡುಕಿದರು. ಮೂರು ರೇಸು ಮುಗಿದರೂ ಕಾಣಲಿಲ್ಲ. ಹಳೆಯ ರೇಸಿನ ತುಣುಕೊಂದನ್ನು ತೋರಿಸುವಾಗ ಹಂಪಣ್ಣನೇ ಮೂತಿಯಿಂದ ಗುರುತು ಹಿಡಿದ. ಅದು ಕೆಂಪು-ಬಿಳಿ ಇತ್ತು.

ಮುನವ್ವರ ಬಹಳ ಹೊತ್ತು ನೋಡಿ, “ನಮ್ಮ ಕಾರಿಗೆ ಬ್ಯಾರೇ ಬಣ್ಣ ಹಚ್ಯಾರ ನೋಡಲೇ ಮಕ್ಕಳು,” ಅಂದ.

ಅಂದಿನಿಂದ ಪ್ರತಿ ವರ್ಷ ಮೊದಲನೆಯ ರೇಸಿಗೆ ಮುಂಚಿನ ಒಂದು ಭಾನುವಾರ ಶಟರಿಗೆ ಹೊಸ ಕಾರು. ಹಳೆಯದರ ಮೇಲೆ ಬಿಳಿ ಬಳಿದು ಹೊಸದು ಬರೆಯುವುದು. ಇದಕ್ಕೆ ಮುನವ್ವರನದೇ ಒಂದು ಕಟ್ಟಳೆ ಇತ್ತು. ಇಪ್ಪತ್ತು ಲೀಟರಿನ ಬಣ್ಣದ ಡಬ್ಬಿಯ ಮುಚ್ಚಳ ಇಟ್ಟು ಅದರ ಸುತ್ತ ನೀಲಿ ಸೀಮೆಸುಣ್ಣ ಎಳೆದರೆ ಗಾಲಿ. ಆ ಮುಚ್ಚಳ ನಿಜವಾದ ಗಾಲಿಯ ಅರ್ಧದಷ್ಟಿದೆ ಎಂದು ಹಂಪಣ್ಣ ಲೆಕ್ಕ ಹಾಕಿ ಹೇಳಿದ್ದ. ಹಾಗಾಗಿ ಕಾರಿನ ಉಳಿದ ಮೈಯೂ ಅರ್ಧಕ್ಕೆ ಸರಿಯಾಗಿ ಬರಬೇಕು, ಒಂದು ಬೆರಳು ಹೆಚ್ಚಲ್ಲ, ಒಂದು ಬೆರಳು ಕಡಿಮೆಯಲ್ಲ. ದಾರ ಹಿಡಿಯುವುದು, ಮುಚ್ಚಳ ಒತ್ತಿ ನಿಲ್ಲುವುದು ಹಂಪಣ್ಣನ ಪಾಲು. ಬರೆಯುವುದು ಮುನವ್ವರನದು.

ಮುಚ್ಚಳ ಮೂವತ್ತು ವರ್ಷ ಅದೇ ಇತ್ತು. ಕಾರು ಹಾಗಿರಲಿಲ್ಲ. ಚೂಪು ಮೂತಿ ಹೋಗಿ ಎತ್ತಿದ ಮೂತಿ ಬಂತು. ಒಂದು ವರ್ಷ ಮುಂದಿನ ರೆಕ್ಕೆ ಹೊಲದ ಕುಂಟಿಯಷ್ಟು ಅಗಲವಾಯಿತು, ಹಿಂದಿನದು ಬಾಗಿಲ ಚೌಕಟ್ಟಿನಂತೆ ಎತ್ತರವಾಯಿತು. ಇನ್ನೊಂದು ವರ್ಷ ಮೂತಿಗೆ ಮೆಟ್ಟಿಲು ಮೂಡಿತು. ಅದನ್ನು ಬರೆಯುವಾಗ ಮುನವ್ವರನಿಗೇ ನಾಚಿಕೆಯಾಗಿ ಮೆಟ್ಟಿಲಿನ ಮೇಲೆ ಒಂದು ಹೂವು ಬಿಡಿಸಿದ್ದ. ಆಮೇಲೆ ಓಡಿಸುವವನ ತಲೆಯ ಸುತ್ತ ಹವಾಯಿ ಚಪ್ಪಲಿಯ ಪಟ್ಟಿಯಂಥದ್ದು ಬಂತು. ಬೀಡಾಡಿ ಚಂದದ ಕಾಲ ಮುಗಿದು ಜೀವ ಕಾಯುವ ಕಾಲ ಬಂತೆಂದು ಇಬ್ಬರೂ ಒಪ್ಪಿಕೊಂಡರು. ಸದ್ದೂ ಬದಲಾಯಿತು. ಟೀವಿಯ ಪೆಟ್ಟಿಗೆಯನ್ನೇ ನಡುಗಿಸುತ್ತಿದ್ದ ಇಂಜಿನ್ನು ಒಂದು ವರ್ಷ ಇದ್ದಕ್ಕಿದ್ದಂತೆ ಗೊಗ್ಗರು ದನಿಗೆ ಇಳಿದಾಗ, ಹಿಟ್ಟಿನ ಗಿರಣಿಯ ಬೆಲ್ಟ್ ಹರಿದಂತಾಯಿತು ಎಂದು ಮುನವ್ವರ ಒಂದು ತಿಂಗಳು ಟೀವಿ ಹಚ್ಚಲಿಲ್ಲ.

ಆದರೂ ಅವನಿಗೆ ಯಾವಾಗಲೂ ಹೊಸ ಕಾರೇ ಚಂದ. ಹಂಪಣ್ಣನಿಗೆ ಆ ಮಿರ್ಚಿ ಕಾಗದದ ಕಾರಿನ ಮುಂದೆ ಯಾವುದೂ ಇಲ್ಲ.

“ನೀ ಮೊದಲನೇ ಸಲ ನೋಡಿದ್ದು ಅದು. ಅದಕ್ಕ ಅದು ಚಂದ,” ಅನ್ನುತ್ತಿದ್ದ ಮುನವ್ವರ. “ನಾಕು ವರ್ಷ ಆದಮ್ಯಾಲ ನೋಡಿದ್ರ ನಾಕು ವರ್ಷದ ಮ್ಯಾಲಿನದು ಚಂದ ಅಂತಿದ್ದಿ.”

“ಹಂಗಲ್ಲ. ಅದು ಕಾರು. ಇವು ಬಸ್ಸು. ವರ್ಷ ವರ್ಷ ಉದ್ದ ಆಗಾಕ ಹತ್ಯಾವು. ನಾ ಬಸ್ ಬಡದಾಂವ, ನನಗ ಗೊತ್ತು.”

ಖರೆಯೇ. ಮೊದಲ ಕಾರು ಶಟರಿನಲ್ಲಿ ಆಚೆ ಈಚೆ ಅರ್ಧರ್ಧ ಅಡಿ ಬಿಟ್ಟು ಕೂತಿತ್ತು. ಬರಬರುತ್ತ ಆ ಜಾಗ ತುಂಬಿತು. ಎಂಟು-ಒಂಬತ್ತು ವರ್ಷದ ಕೆಳಗೆ ಒಮ್ಮೆ ಮೂತಿ ಶಟರಿನ ಅಂಚಿಗೆ ಬಂದು ನಿಂತಿತು. ಮುನವ್ವರ ಒಂದು ಗಳಿಗೆ ಯೋಚಿಸಿ ಕುಂಚವನ್ನು ಗೋಡೆಯ ಮೇಲೆ ಎಳೆದುಬಿಟ್ಟ. ಮುಚ್ಚಳ ಸಣ್ಣದು ತಗೋ ಎಂದು ಹಂಪಣ್ಣ ಹೇಳಿದರೆ, “ಮುಚ್ಚಳ ಬದಲಿ ಮಾಡಿದ್ರ ಲೆಕ್ಕ ಹೆಂಗ ಉಳಿತೈತಿ?” ಅಂದ. ಶಟರ್ ಎತ್ತಿದಾಗ ಕಾರೆಲ್ಲ ಮೇಲೆ ಸುತ್ತಿಕೊಂಡು ಹೋಗಿ, ಗೋಡೆಯ ಮೇಲೆ ಮೂತಿಯೊಂದೇ ಉಳಿಯುತ್ತಿತ್ತು. ಬಂದವರು ನಗುತ್ತಿದ್ದರು.

ಅಂದಿನಿಂದ ಅದೊಂದು ತೀರದ ವಾದ. ಕಾರು ಇನ್ನೂ ಉದ್ದ ಆಗುತ್ತವೆ, ಕಟ್ಟಿಗೆ ಅಡ್ಡೆಯ ಗೇಟಿನವರೆಗೆ ಬರೆಯುತ್ತೇನೆ ಎಂದು ಮುನವ್ವರ. ಒಂದು ದಿನ ಮತ್ತೆ ಸಣ್ಣವಾಗುತ್ತವೆ, ನಿನ್ನ ಶಟರಿನ ಒಳಗೇ ಬಂದು ಕೂರುತ್ತವೆ ಎಂದು ಹಂಪಣ್ಣ.

“ಬಂದು ಕುಂತ ದಿನ ಹೇಳಪಾ. ನಾ ಶಟರಿಗೇ ಕೈ ಮುಗಿತೀನಿ.”

ಒಮ್ಮೆ ಕಣ್ಣಾರೆ ನೋಡುವ ಯೋಗವೂ ಬಂದಿತ್ತು. ದಿಲ್ಲಿಯ ಹತ್ತಿರ ಮೂರು ವರ್ಷ ರೇಸು ನಡೆಯಿತು. ಮೊದಲನೆಯ ವರ್ಷ ಮುನವ್ವರನ ಮನೆಯಲ್ಲಿ ಕಾಯಿಲೆ. ಎರಡನೆಯ ವರ್ಷ ರೇಸಿನ ಮರುದಿನವೇ ಶೀಗಿ ಹುಣ್ಣಿಮೆ; ಹುಲಿಗಿಯ ಗುಡಿಗೆ ಬಿಡುವ ಹೆಚ್ಚಿನ ಬಸ್ಸುಗಳ ಸಲುವಾಗಿ ಡಿಪೋದಲ್ಲಿ ಯಾರಿಗೂ ರಜೆ ಇಲ್ಲ. ಮೂರನೆಯ ವರ್ಷ, ಬರುವ ವರ್ಷ ಹೋಗೂಣು ಅಂದರು. ಬರುವ ವರ್ಷ ರೇಸೇ ಬರಲಿಲ್ಲ.

ಎರಡು ವರ್ಷದ ಹಿಂದೆ, ಆ ವರ್ಷದ ಕಾರು ಬರೆದು ಆರು ವಾರಕ್ಕೆ, ಮುನವ್ವರ ತೀರಿಕೊಂಡ. ಎದೆನೋವು ಎಂದು ಬೆಳಗ್ಗೆ ಕೂತವನು ಮಧ್ಯಾಹ್ನಕ್ಕೆ ಇರಲಿಲ್ಲ. ಆ ಮಳೆಗಾಲದಲ್ಲೇ ಪತ್ರಿಕೆಯ ಆಟದ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು: ಎರಡು ವರ್ಷದ ಮೇಲೆ ರೇಸಿನ ಕಾರುಗಳು ಸಣ್ಣವೂ ಹಗುರವೂ ಆಗಲಿವೆ.

ಹಂಪಣ್ಣ ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಎದ್ದು ಚಪ್ಪಲಿ ಮೆಟ್ಟಿದ. ಗೊಬ್ಬರದಂಗಡಿಗಳ ತನಕ ಬಂದ ಮೇಲೆ ತಾನು ಎಲ್ಲಿಗೆ ಹೊರಟಿದ್ದೇನೆ ಎಂಬುದು ನೆನಪಾಯಿತು. ತಿರುಗಿ ಬಂದ.

ಮನೆಯಲ್ಲಿ ಜನಕ್ಕೇನೂ ಬರವಿರಲಿಲ್ಲ. ಹೆಂಡತಿ ಅನ್ನಮ್ಮ, ಮಗ ಸೊಸೆ, ಒಂದೇ ಅಂಗಳದಲ್ಲಿ ತಮ್ಮನ ಸಂಸಾರ. ಅಂಥ ಮನೆಯಲ್ಲಿ ಕೂತು, ಕಾರು ಸಣ್ಣವಾಗುತ್ತವಂತೆ ಎಂದು ಯಾರಿಗೆ ಹೇಳುವುದು? ಅನ್ನಮ್ಮನಿಗೆ ಹೇಳಿ ನೋಡಿದ.

“ಛಲೋ ಆತಲ್ಲ, ಸಣ್ಣ ಕಾರಾದ್ರ ನಾವೂ ಒಂದು ತಗೊಳ್ಳೂಣು,” ಅಂದಳು ಅವಳು ಮೆಂತ್ಯ ಸೋಸುತ್ತ. ಚೇಷ್ಟೆ ಮಾಡಿದಳೋ ನಿಜವಾಗಿ ಅಂದಳೋ ತಿಳಿಯಲಿಲ್ಲ.

ರೇಸು ನೋಡುವವರು ಮನೆಯಲ್ಲಿ ಇಲ್ಲದೆ ಇರಲಿಲ್ಲ. ತಮ್ಮನ ಮಗಳು ಅಮೃತಾ ಕೊಪ್ಪಳದಲ್ಲಿ ಬಿ.ಎಸ್ಸಿ ಓದುತ್ತಾಳೆ, ಭಾನುವಾರಕ್ಕೆ ಬರುತ್ತಾಳೆ. ಅವಳ ಮೊಬೈಲಿನಲ್ಲಿ ರೇಸು ಓಡುವುದು ಕಂಡು ಹಂಪಣ್ಣ ಒಮ್ಮೆ ಹಿಗ್ಗಿನಿಂದ ಪಕ್ಕಕ್ಕೆ ಹೋಗಿ ಕೂತ.

“ದೊಡ್ಡಪ್ಪಾ, ಓಡಿಸಾವ್ರಾಗ ನಿಮಗ ಯಾರು ಸೇರ್ತಾರ?” ಕೇಳಿದಳು ಅಮೃತಾ.

“ಯಾರಂದ್ರ? ನಾ ಕಾರು ನೋಡ್ತೀನಿ.”

“ಕಾರು ಯಾರು ನೋಡ್ತಾರ್ರಿ? ಎಲ್ಲಾ ಒಂದ ನಮೂನಿ ಅದಾವು, ಬಣ್ಣ ಬ್ಯಾರೆ ಅಷ್ಟ.” ಅವಳಿಗೆ ಓಡಿಸುವ ಹುಡುಗರ ಹುಟ್ಟಿದ ದಿನ, ಅವರ ನಾಯಿಯ ಹೆಸರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಲ್ಲ ಗೊತ್ತಿತ್ತು. ರೇಸು ನಡೆಯುತ್ತಿರುವಾಗಲೇ ಯಾವುದೋ ದೇಶದ ಹುಡುಗಿಯರೊಂದಿಗೆ ಬೆರಳಿನಲ್ಲಿ ಮಾತಾಡುತ್ತಿದ್ದಳು. ಅವಳ ಮೆಚ್ಚಿನವನ ಕಾರು ಕೆಟ್ಟು ನಿಂತಾಗ ಅವಳ ಕಣ್ಣಲ್ಲಿ ನೀರು ಬಂತು. ಮೊಬೈಲು ಮುಚ್ಚಿ ಒಳಗೆ ಹೋದಳು. ಇನ್ನೂ ಹದಿನೆಂಟು ಸುತ್ತು ಬಾಕಿ ಇತ್ತು. ಅವಳ ಪ್ರೀತಿಯೂ ಸುಳ್ಳಲ್ಲ ಎಂದು ಹಂಪಣ್ಣನಿಗೆ ಅನ್ನಿಸಿತು. ಆದರೆ ಅದರೊಳಗೆ ಅವನಿಗೆ ಕೂರಲು ಜಾಗವಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಈ ವರ್ಷದ ಜನವರಿ ಮುಗಿಯುವಾಗ ಹೊಸ ಕಾರುಗಳ ಫೋಟೋ ಬಂದವು. ಹೌದು, ಸಣ್ಣವಾಗಿದ್ದವು. ನೋಡಿದರೇ ತಿಳಿಯುತ್ತಿತ್ತು. ಹಂಪಣ್ಣ ಜೇಬಿನ ಹಳೆಯ ತುಂಡನ್ನು ತೆಗೆದು ಇನ್ನೊಮ್ಮೆ ಓದಿಕೊಂಡ. ವಾದ ತಾನು ಗೆದ್ದಿದ್ದ. ಗೆದ್ದದ್ದನ್ನು ಶಟರಿನ ಮೇಲೆ ಬರೆದು ಮುಗಿಸುವುದೊಂದು ಉಳಿದಿತ್ತು. ಅದೊಂದಾಗದೆ ಮನಸ್ಸಿಗೆ ಸಮಾಧಾನವಿಲ್ಲ.

ಗ್ಯಾರೇಜಿನ ಹಿಂದಿನ ಮನೆಯಲ್ಲಿ ಮುನವ್ವರನ ಕಿರಿಮಗಳು ಸಬೀನಾ ಬಟ್ಟೆ ಹೊಲಿಯುತ್ತ ತಾಯಿಯನ್ನು ನೋಡಿಕೊಂಡಿದ್ದಳು. ಅವಳನ್ನು ಕೇಳಲು ಹೋದಾಗ ಅವಳೇ ಮೊದಲು ಮಾತು ತೆಗೆದಳು.

“ಕಾಕಾ, ನಾನ ನಿಮ್ಮ ಮನಿಗೆ ಬರಾಕಿ ಇದ್ದೆ. ಗ್ಯಾರೇಜ್ ಬಾಡಿಗಿ ಕೊಟ್ಟೀನ್ರಿ. ಯಲಬುರ್ಗಾದಾಂವ, ಗವಿಸಿದ್ದೇಶ ಅಂತ. ಮೊಬೈಲ್ ಅಂಗಡಿ ಇಡ್ತಾನಂತ. ಒಂದನೇ ತಾರೀಖಿಗೆ ಬರ್ತಾನ.”

“ಕೊಡಬೇಕವಾ. ಎಷ್ಟು ದಿನ ಮುಚ್ಚಿ ಇಡ್ತಿ.” ಹಂಪಣ್ಣ ಗ್ಯಾರೇಜಿನ ಕಡೆ ತಿರುಗಿ, “ಶಟರು?” ಅಂದ.

“ಕಂಪನಿಯವರು ಬಂದು ಅವರ ಬಣ್ಣ ಹೊಡದು ಹೆಸರು ಬರೀತಾರಂತ್ರಿ. ಪುಕ್ಕಟ. ಗ್ವಾಡಿ ಮಾತ್ರ ಮುಟ್ಟಬ್ಯಾಡ್ರಿ, ಅದು ಮನಿಗೆ ಸೇರಿದ್ದು ಅಂದೀನಿ.”

“ಹಂಗಾರ ಇನ್ನೊಂದು ಭಾನುವಾರ ನಡುವ ಐತಿ. ಅದನ್ನ ನನಗ ಕೊಡ್ತಿ ಏನವಾ? ಈ ವರ್ಷದ ಕಾರು ಬರದುಬಿಡ್ತೀನಿ.”

ಎಂಟು ದಿನಕ್ಕೆ ಅಳಿಸಿ ಹೋಗುವುದನ್ನು ಯಾಕೆ ಬರೆಯುತ್ತೀರಿ ಎಂದು ಅವಳು ಕೇಳಬಹುದಿತ್ತು. ಅದರ ಬದಲು ಒಳಗೆ ಹೋಗಿ ಬೀಗದ ಕೈ ತಂದಳು.

ಭಾನುವಾರ ಹಂಪಣ್ಣ ಏಳು ಗಂಟೆಗೇ ಬಂದ. ಗ್ಯಾರೇಜಿನ ಒಳಗೆ ಎಲ್ಲ ಇದ್ದ ಹಾಗೇ ಇತ್ತು. ಮುಚ್ಚಳ ಮೊಳೆಗೆ ತೂಗುತ್ತಿತ್ತು. ಡಬ್ಬಿಗಳಲ್ಲಿ ಒಣಗದೆ ಉಳಿದಿದ್ದವು ಬಿಳಿ, ಟ್ರ್ಯಾಕ್ಟರಿನ ಹಸಿರು, ಮತ್ತೆ ಒಂದಿಷ್ಟು ಹಳದಿ. ಹಳೆಯ ಕಾರಿನ ಮೇಲೆ ಬಿಳಿ ಬಳಿದ. ಗೋಡೆಯ ಮೇಲಿನ ಮೂತಿಯ ಮೇಲೂ ಬಳಿದ. ಅದು ಇನ್ನು ಬೇಕಾಗುವುದಿಲ್ಲ ಎಂದುಕೊಂಡ. ಬಿಸಿಲಿಗೆ ಬಿಳಿ ಒಣಗುವ ತನಕ ಕಟ್ಟೆಯ ಮೇಲೆ ಕೂತ. ರಂಜಾನಿನ ಉಪವಾಸದಲ್ಲಿದ್ದ ಸಬೀನಾ ಅವನಿಗೆ ಚಹಾ ಹಿಡಿದು ಬಂದಳು.

“ನೀ ರೋಜಾ ಇದ್ದಾಗ ನಾ ಹೆಂಗ ಕುಡೀಲಿ? ಒಯ್ಯವಾ.”

“ಅಪ್ಪಾ ರೋಜಾ ಇದ್ದಾಗ ಅವನ ಮುಂದನ ಮಿರ್ಚಿ ತಿಂತಿದ್ರಂತಲ್ರಿ, ಹೇಳ್ಯಾನ.”

“ಅವ ಬ್ಯಾರೆ,” ಅಂದ ಹಂಪಣ್ಣ. ಅವಳು ಚಹಾ ಕಟ್ಟೆಯ ಮೇಲಿಟ್ಟು ಹೋದಳು.

ದಾರ ಹಿಡಿಯಲು ಈಗ ಇನ್ನೊಂದು ಕೈ ಇರಲಿಲ್ಲ. ಒಂದು ತುದಿಯನ್ನು ಮೊಳೆಗೆ ಕಟ್ಟಿ ಇನ್ನೊಂದು ತುದಿಗೆ ಕಲ್ಲು ಜೋತುಬಿಟ್ಟು ಗೆರೆ ಎಳೆದ. ಹಿಂದಿನ ಗಾಲಿಗೆ ಮುಚ್ಚಳವನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಸೀಮೆಸುಣ್ಣ ಸುತ್ತಿದ. ಮುಂದಿನ ಗಾಲಿ ಎಲ್ಲಿ ಬರಬೇಕೆಂದು ತಿಳಿಯಲು ಅಳತೆ ಬೇಕಾಯಿತು. ಅಮೃತಾಳಿಗೆ ಫೋನು ಹಚ್ಚಿದ.

“ಗಾಲಿಯಿಂದ ಗಾಲಿಗೆ ಎಷ್ಟೈತಿ ನೋಡಿ ಹೇಳವಾ. ಹೋದ ವರ್ಷದ್ದೂ ಹೇಳು.”

ಅವಳು ಹುಡುಕಿ ಹೇಳಿದಳು. “ಹೋದ ವರ್ಷ ಮೂರು ಮೀಟರ್ ಅರವತ್ತು ಸೆಂಟಿಮೀಟರ್. ಈ ವರ್ಷ ಮೂರು ಮೀಟರ್ ನಲವತ್ತು. ಸಾಕೇನ್ರಿ?”

ಸಾಕಾಗಿತ್ತು. ಹಂಪಣ್ಣ ಫೋನು ಇಟ್ಟು ನಿಂತೇ ಇದ್ದ. ಇಪ್ಪತ್ತು ಸೆಂಟಿಮೀಟರು. ಅರ್ಧ ಮಾಡಿದರೆ ಹತ್ತು. ಅಂದರೆ ನಾಲ್ಕೈದು ಬೆರಳು.

ಜೀವಮಾನವೆಲ್ಲ ತಗಡನ್ನು ಅಳೆಯದೆ ಕತ್ತರಿಸದವನು ಎರಡು ವರ್ಷ ಆ ಸಣ್ಣ ಎಂಬ ಮಾತನ್ನು ಅಳೆಯದೆ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ. ಎಂಟು ಅಡಿಯ ಶಟರಿನಲ್ಲಿ ನಾಲ್ಕೈದು ಬೆರಳು ಕಡಿಮೆಯಾದರೆ ಏನಾಗುತ್ತದೆ? ಮೂತಿ ಆಗ ಒಂದೂವರೆ ಗೇಣು ಹೊರಗಿತ್ತು. ಈಗ ಒಂದು ಗೇಣು ಹೊರಗೆ ಬರುತ್ತದೆ.

ಆದರೂ ಮುಂದಿನ ಗಾಲಿ ಎಳೆದ. ಮೈ ಎಳೆದ. ಕೂರುವ ಗುಳಿ, ಅದರ ಮೇಲೆ ಚಪ್ಪಲಿಯ ಪಟ್ಟಿ. ಅವನ ಗೆರೆ ಮುನವ್ವರನ ಗೆರೆಯಂತೆ ಒಂದೇ ಉಸಿರಿಗೆ ಹರಿಯಲಿಲ್ಲ. ಶಟರಿನ ಪಟ್ಟಿ ಪಟ್ಟಿಗೂ ತಡವರಿಸಿತು. ಮಧ್ಯಾಹ್ನ ಎರಡಾಗಿತ್ತು. ಮೂತಿಯೊಂದು ಉಳಿಯಿತು.

ಶಟರಿನ ಅಂಚು ಮುಂದಿನ ಗಾಲಿಯಿಂದ ಒಂದು ಮೊಳ ದೂರ. ಅಲ್ಲಿಗೇ ಮೂತಿಯನ್ನು ತುಸು ಮೊಂಡು ಮಾಡಿ ತಿರುಗಿಸಿಬಿಟ್ಟರೆ ಕಾರು ಒಳಗೇ ಕೂರುತ್ತದೆ. ಚಂದವೂ ಕಾಣುತ್ತದೆ. ಕುಷ್ಟಗಿಯಲ್ಲಿ, ಕೊಪ್ಪಳ ಜಿಲ್ಲೆಯಲ್ಲೇ, ಇದು ತಪ್ಪು ಎಂದು ಹೇಳುವ ಮನುಷ್ಯ ಯಾವನೂ ಈಗ ಇಲ್ಲ. ಎಂಟು ದಿನದ ಮಾತು. ಹಂಪಣ್ಣ ಸೀಮೆಸುಣ್ಣ ಹಿಡಿದು ಮೂತಿಯನ್ನು ಒಳಗೇ ತಿರುಗಿಸಿ ಗೆರೆ ಎಳೆದ. ರಸ್ತೆಯ ಆಚೆಗೆ ಹೋಗಿ ನಿಂತು ನೋಡಿದ. ಕಾರು ಒಳಗಿತ್ತು. ತಾನು ಹೇಳಿದ ಹಾಗೇ ಇತ್ತು.

ದಾರ ಹಿಡಿಯುವಾಗ ತಾನು ಅಳತೆಯಲ್ಲಿ ಇಂಥದ್ದೇನಾದರೂ ಮಾಡಿದರೆ ಮುನವ್ವರ ಪಕ್ಕದಲ್ಲಿ ನಿಂತು ಬೀಡಿ ಹಚ್ಚಿ ಹುಬ್ಬು ಏರಿಸುತ್ತಿದ್ದ. ಹಂಪಣ್ಣ ಕಾದ. ಟಂಟಂ ಆಟೋ ಒಂದು ಹೋಯಿತು, ಮೇವಿನ ಟ್ರ್ಯಾಕ್ಟರೊಂದು ಹೋಯಿತು. ಯಾರೂ ಹುಬ್ಬು ಏರಿಸಲಿಲ್ಲ. ತಪ್ಪು ಹಿಡಿಯುವವರಿಲ್ಲದ ಗೆಲುವನ್ನು ತಗೊಂಡು ಅವನಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

ರಸ್ತೆ ದಾಟಿ ಬಂದು ಅರಿವೆಯಿಂದ ಆ ಗೆರೆ ಒರೆಸಿದ. ಟೇಪು ಹಿಡಿದು, ಫೋಟೋ ನೋಡಿ ಲೆಕ್ಕ ಹಾಕಿ, ಮೂತಿಯನ್ನು ಶಟರಿನಿಂದ ಆಚೆ ದಾಟಿಸಿ ಗೋಡೆಯ ಮೇಲೆ ಒಂದು ಗೇಣು ಎಳೆದ.

“ತಗೋ,” ಅಂದ ಮೆಲ್ಲಗೆ. “ನಾಕು ಬೆರಳು ನಂದು. ಉಳಿದಿದ್ದೆಲ್ಲಾ ನಿಂದು.”

ಸಂಜೆಯವರೆಗೆ ಬಣ್ಣ ತುಂಬಿದ. ಇದ್ದದ್ದು ಹಸಿರು ಮತ್ತು ಹಳದಿ. ರೋಜಾ ಬಿಡುವ ಹೊತ್ತಿಗೆ ಸಬೀನಾ ಹೊರಗೆ ಬಂದು ಖರ್ಜೂರ ಕೊಟ್ಟು, ಕಾರನ್ನು ನೋಡಿ, “ಮತ್ತ ಗ್ವಾಡಿಗೆ ಬಂತಲ್ರಿ ಕಾಕಾ,” ಅಂದಳು.

“ಬರ್ತೈತವಾ. ಅದರ ಅಳತಿನ ಹಂಗೈತಿ.”

ಒಂದನೇ ತಾರೀಖಿಗೆ ಗವಿಸಿದ್ದೇಶ ಅಂಗಡಿ ತೆರೆದ. ಗುರುವಾರ ಕಂಪನಿಯ ಹುಡುಗರು ಬಂದು ಎರಡು ತಾಸಿನಲ್ಲಿ ಶಟರನ್ನು ನೀಲಿ ಮಾಡಿ ಹೋದರು. ಗೋಡೆ ಮುಟ್ಟಲಿಲ್ಲ.

ಎಂಟನೇ ತಾರೀಖು ವರ್ಷದ ಮೊದಲ ರೇಸು, ಬೆಳಗ್ಗೆ ಒಂಬತ್ತೂವರೆಗೆ. ಅಮೃತಾ ದೊಡ್ಡಪ್ಪನ ಮೊಬೈಲಿನಲ್ಲಿ ಹಚ್ಚಿಕೊಟ್ಟು ತನ್ನ ಮೊಬೈಲು ಹಿಡಿದು ಮಾಳಿಗೆ ಹತ್ತಿದಳು. ಹಂಪಣ್ಣ ಅದನ್ನು ಹಿಡಿದುಕೊಂಡೇ ಗಜೇಂದ್ರಗಡ ರಸ್ತೆಗೆ ಬಂದ. ಶಟರ್ ಮೇಲೆ ಸುತ್ತಿಕೊಂಡಿತ್ತು. ಗಾಜಿನ ಕೌಂಟರಿನ ಆಚೆಯಿಂದ ಗವಿಸಿದ್ದೇಶ ಕರೆದ.

“ಬರ್ರಿ ಕಾಕಾರ. ಗ್ವಾಡಿ ಮ್ಯಾಲ ಇದೇನ್ರಿ, ಕುಂಟಿ ಬರದಾರೇನು? ಬಂದಾವ್ರೆಲ್ಲಾ ಕೇಳಾಕ ಹತ್ಯಾರ.”

“ಕುಂಟಿ ಅಲ್ಲ, ಕಾರಿನ ಮೂತಿ.”

“ಹೌದ್ರಿ? ಮತ್ತ ಕಾರು?”

ಹಂಪಣ್ಣ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚಾರ್ಜರು ಕೇಳಿಕೊಂಡು ಒಬ್ಬ ಹೆಣ್ಣುಮಗಳು ಬಂದಳು, ಗವಿಸಿದ್ದೇಶ ಅತ್ತ ತಿರುಗಿದ.

ಹಂಪಣ್ಣ ಕಟ್ಟೆಯ ಮೇಲೆ ಗೋಡೆಯ ಬದಿಗೆ ಕೂತ. ಮೊಬೈಲಿನಲ್ಲಿ ಕಾರುಗಳು ಬಂದು ಸಾಲಾಗಿ ನಿಂತವು. ಅಂಗೈಯಗಲದ ಗಾಜಿನಲ್ಲಿ ಎಲ್ಲವೂ ಸಣ್ಣವೇ. ಎಡಗೈ ಎತ್ತಿ ಗೋಡೆಯ ಮೇಲಿನ ಹಸಿರು ಮೂತಿಗೆ ಗೇಣು ಹಾಕಿ ನೋಡಿದ. ಹೆಬ್ಬೆರಳು ಕಿರುಬೆರಳು ಎರಡೂ ಸರಿಯಾಗಿ ಅಂಚಿಗೆ ಬಂದವು. ಅಷ್ಟೊತ್ತಿಗೆ ಯಾರೋ ಒಬ್ಬ ಬಂದು ಸ್ಕೂಟರನ್ನು ಗೋಡೆಗೆ ತಗುಲಿಸಿ ನಿಲ್ಲಿಸಿದ.

“ತಮ್ಮಾ, ತುಸು ಆಚೆ ಹಚ್ಚಪಾ,” ಅಂದ ಹಂಪಣ್ಣ.

ಅವನು ಯಾಕೆಂದು ಕೇಳದೆ ಸ್ಕೂಟರನ್ನು ಎರಡು ಮೊಳ ಮುಂದೆ ತಳ್ಳಿ ಅಂಗಡಿಯೊಳಗೆ ಹೋದ. ಹಂಪಣ್ಣ ಮೊಬೈಲಿನ ದನಿ ತುಸು ಏರಿಸಿ, ಅದನ್ನು ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದರೆ ಅವನಿಗೂ ಕಾಣುವಷ್ಟು ಓರೆಯಾಗಿ ಹಿಡಿದುಕೊಂಡ.